ಯಾರ ಖಟ್ಲೆ ಮೊದಲು?

ಜಮಖಂಡಿಯಲ್ಲಾಗಲಿ ಮುಧೋಳದಲ್ಲಾಗಲಿ, ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ ನ್ಯಾಯಾಲಯದ ಅಂಗಳದಲ್ಲಿ ನಿಂತು ನೋಡಿದವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಗಿಡದ ನೆರಳಿನಲ್ಲಿ, ಕಟ್ಟೆಯ ಮೇಲೆ, ಪಡಸಾಲೆಯ ಬೆಂಚಿನ ಮೇಲೆ ಹಳ್ಳಿಗಳಿಂದ ಬಂದ ಜನ ಕುಳಿತಿರುತ್ತಾರೆ. ಬುತ್ತಿಯ ಗಂಟು ಪಕ್ಕದಲ್ಲಿ, ಕಾಗದಗಳ ಕೈಚೀಲ ತೊಡೆಯ ಮೇಲೆ. ಪಟ್ಟೇವಾಲಾ ಬಾಗಿಲಿಗೆ ಬಂದು ಹೆಸರು ಕೂಗಿದಾಗ ಒಬ್ಬರು ಅವಸರದಿಂದ ಎದ್ದು ಒಳಗೆ ಹೋಗುತ್ತಾರೆ. ಉಳಿದವರು ಮತ್ತೆ ಕಿವಿಗೊಟ್ಟು ಕುಳಿತುಕೊಳ್ಳುತ್ತಾರೆ. ಸಂಜೆಗೆ ಬಹುಮಂದಿ ಮುಂದಿನ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡು ಬಸ್ಸು ಹಿಡಿಯುತ್ತಾರೆ.

ಹೀಗೆ ಕೂಗುವ ಹೆಸರುಗಳ ಅನುಕ್ರಮವನ್ನು ಗೊತ್ತುಮಾಡುವವರು ಯಾರು? ಯಾವ ಖಟ್ಲೆ ಮೊದಲು, ಯಾವುದು ಆಮೇಲೆ? ಯಾವುದನ್ನು ಎಷ್ಟು ದಿನಗಳೊಳಗೆ ಮುಗಿಸಬೇಕು? ಮೇಲುನೋಟಕ್ಕೆ ಇವು ಶಿರಸ್ತೇದಾರರ ದಫ್ತರಕ್ಕೆ ಸೇರಿದ ಸಣ್ಣ ವಿಷಯಗಳು. ಆದರೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ, ಈ ನಾಲ್ಕು ಕಡೆಯ ನ್ಯಾಯಸ್ಥಾನಗಳ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ಆಳುವವರು ಬದಲಾದಾಗಲೆಲ್ಲ ಈ ಸರತಿಯೂ ಬದಲಾಗಿರುವುದು ಕಾಣುತ್ತದೆ. ಸರತಿ ಬದಲಾದಾಗಲೆಲ್ಲ ಯಾರೋ ಕೆಲವರ ಅಳಲು ಮುಂದಕ್ಕೆ ಬಂದಿದೆ, ಮತ್ತೆ ಕೆಲವರದು ಹಿಂದಕ್ಕೆ ಸರಿದಿದೆ. ಈ ಭಾಷಣದಲ್ಲಿ ಆ ಕಥೆಯನ್ನು ಸಂಕ್ಷೇಪವಾಗಿ ಹೇಳಬಯಸುತ್ತೇನೆ.

ಮೊದಲು ಈ ಸೀಮೆಯ ನೆಲದ ಹಂಚಿಕೆಯನ್ನು ನೆನೆಯಬೇಕು. ಇಂದು ಇವೆಲ್ಲವೂ ಬಾಗಲಕೋಟೆ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಸ್ವಾತಂತ್ರ್ಯಪೂರ್ವದಲ್ಲಿ ಹಾಗಿರಲಿಲ್ಲ. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. 1811ರಲ್ಲಿ ಬೇರೆಯಾಗಿ ನೆಲೆಗೊಂಡದ್ದು. ಮುಧೋಳ ಘೋರ್ಪಡೆ ಮನೆತನದ್ದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ, ಅದರ ಮಗ್ಗುಲಲ್ಲೇ ಇರುವ ಬನಹಟ್ಟಿ ಜಮಖಂಡಿಗೆ ಸೇರಿತ್ತು. ಬೀಳಗಿ ಮಾತ್ರ ನೇರವಾಗಿ ಬ್ರಿಟಿಷರ ಆಡಳಿತದಲ್ಲಿ, ಬಾಗಲಕೋಟೆ ತಾಲ್ಲೂಕಿನ ಪೇಠಾ ಆಗಿತ್ತು. ಆ ಜಿಲ್ಲೆಗೆ ಮೊದಲು ಕಲಾದಗಿಯೇ ಮುಖ್ಯಸ್ಥಳವಾಗಿದ್ದು, 1885ರಲ್ಲಿ ಅದು ವಿಜಾಪುರಕ್ಕೆ ಹೋಯಿತು. ಇಷ್ಟು ಸಾಲದೆಂಬಂತೆ ಜಮಖಂಡಿ ಸಂಸ್ಥಾನದ ನೆಲವೇ ಚೂರುಚೂರಾಗಿ ಹರಡಿತ್ತು. ಹುಬ್ಬಳ್ಳಿಯ ಸಮೀಪದ ಕುಂದಗೋಳ ಕೂಡ ಜಮಖಂಡಿಯ ಒಡೆತನದಲ್ಲಿತ್ತು.

ಒಂದು ಗಾವುದ ನಡೆದರೆ ರಾಜ್ಯ ಬದಲಾಗುವ ಇಂಥ ಸೀಮೆಯಲ್ಲಿ ನ್ಯಾಯ ಕೇಳುವವನ ಪಾಡೇನು? ರಬಕವಿ ಮತ್ತು ಬನಹಟ್ಟಿ ನೇಕಾರರ ಊರುಗಳು. ನೂಲು, ಬಣ್ಣ, ಸೀರೆಗಳ ವ್ಯಾಪಾರದಲ್ಲಿ ಈ ಊರಿನ ಹಣ ಆ ಊರಿನಲ್ಲಿ, ಆ ಊರಿನ ಸಾಲ ಈ ಊರಿನಲ್ಲಿ ಇರುವುದು ಸಹಜ. ಬನಹಟ್ಟಿಯ ವ್ಯಾಪಾರಿಯೊಬ್ಬ ಜಮಖಂಡಿಯ ನ್ಯಾಯಾಲಯದಲ್ಲಿ ದಾವೆ ಹೂಡಿ ಡಿಕ್ರಿ ಪಡೆದನೆಂದು ಭಾವಿಸೋಣ. ಸಾಲಗಾರ ರಬಕವಿಯಲ್ಲಿ ಇದ್ದರೆ ಆ ಡಿಕ್ರಿ ಬೇರೊಂದು ಸಂಸ್ಥಾನದ ಕಾಗದವಾಗಿಬಿಡುತ್ತಿತ್ತು. ಮಗ್ಗದ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿದ್ದ ಮನೆಗೆ ನ್ಯಾಯಾಲಯದ ಕೈ ನಿಲುಕುತ್ತಿರಲಿಲ್ಲ. ಅಂಥಲ್ಲಿ ಊರ ಹಿರಿಯರ ಪಂಚಾಯತಿಯೋ, ವ್ಯಾಪಾರಿಗಳ ನಡುವಿನ ಮಾತಿನ ಮರ್ಯಾದೆಯೋ ಬಗೆಹರಿಸಿದಷ್ಟೇ ಭಾಗ್ಯ.

ಸಂಸ್ಥಾನದ ನ್ಯಾಯದಲ್ಲಿ ಕೊನೆಯ ಮಾತು ಅರಸನದು. ಜಮಖಂಡಿಯ ಅಧಿಪತಿ ಮೊದಲ ದರ್ಜೆಯ ಸರದಾರನೆನಿಸಿ, ಮರಣದಂಡನೆಗೆ ಅರ್ಹವಾದ ಅಪರಾಧಗಳಲ್ಲೂ ತನ್ನ ಪ್ರಜೆಗಳನ್ನು ವಿಚಾರಿಸುವ ಅಧಿಕಾರವನ್ನು ಪಡೆದಿದ್ದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಮಾರು ಒಂದು ಲಕ್ಷ ಜನರಿದ್ದ ಸಂಸ್ಥಾನ ಅದು. ಆಳುವವನೂ ನ್ಯಾಯ ನೀಡುವವನೂ ಒಬ್ಬನೇ ಆದಾಗ ಸರತಿಯ ಪ್ರಶ್ನೆಯೂ ಅವನದೇ. ಅವನು ದಯಾಳುವಾಗಿದ್ದರೆ ಬಡವನ ಅರ್ಜಿ ಆ ದಿನವೇ ಇತ್ಯರ್ಥವಾಗಬಹುದು. ಇಲ್ಲವಾದರೆ ಕೇಳುವುದಕ್ಕೆ ಮತ್ತೊಂದು ಬಾಗಿಲಿಲ್ಲ. ದಫ್ತರದ ಭಾಷೆ ಮರಾಠಿ, ಲಿಪಿ ಮೋಡಿ; ಕೇಳಲು ಬಂದವನ ಭಾಷೆ ಕನ್ನಡ. ತನ್ನ ಹೊಲದ ಬಗ್ಗೆ ಬರೆದ ಕಾಗದವನ್ನು ತಾನೇ ಓದಲಾರದವನು ಬರೆದವನ ಮಾತನ್ನೇ ನಂಬಬೇಕಾಗಿತ್ತು.

ನ್ಯಾಯದ ವೇಗವನ್ನು ಕುರಿತು ಯೋಚಿಸುವಾಗ ಮುಧೋಳ ಸೀಮೆಯ ಒಂದು ಪ್ರಸಂಗವನ್ನು ಮರೆಯಲಾಗದು. 1857ರ ನಿಶ್ಶಸ್ತ್ರೀಕರಣದ ಕಾಯಿದೆಯಂತೆ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರ ಜೀವನೋಪಾಯ. ಅವರ ಮಾನವೂ ಅದೇ. ನವೆಂಬರ್ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ಊರನ್ನು ಮುತ್ತಿತು, ಮನೆಗಳಿಗೆ ಬೆಂಕಿ ಬಿತ್ತು, ನೂರಾರು ಮಂದಿ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ, ಡಿಸೆಂಬರ್ 14ರಂದು ಹಲಗಲಿಯಲ್ಲಿಯೇ 6 ಮಂದಿಯನ್ನೂ ಗಲ್ಲಿಗೇರಿಸಿದರು. ಸೆರೆ, ವಿಚಾರಣೆ, ತೀರ್ಪು, ಶಿಕ್ಷೆ ಎಲ್ಲವೂ ಸುಮಾರು ಎರಡು ವಾರಗಳಲ್ಲಿ ಮುಗಿದುಹೋದವು. ಈ ಸೀಮೆಯ ಇತಿಹಾಸದಲ್ಲಿ ಅದಕ್ಕಿಂತ ಶೀಘ್ರವಾಗಿ ನಡೆದ ಖಟ್ಲೆ ಬಹುಶಃ ಮತ್ತೊಂದಿಲ್ಲ. ಆದರೆ ಅದನ್ನು ನ್ಯಾಯವೆಂದು ಯಾರೂ ನೆನೆಯಲಿಲ್ಲ. ಜನ ಅದರ ಮೇಲೆ ಲಾವಣಿ ಕಟ್ಟಿದರು, ಜೆ. ಎಫ್. ಫ್ಲೀಟ್ ಆ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದರು. ಕಚೇರಿಯ ಕಡತದಲ್ಲಿ ಅಪರಾಧಿಗಳೆನಿಸಿದವರು ಹಾಡಿನಲ್ಲಿ ವೀರರಾದರು. ಕೇಳಿಸಿಕೊಳ್ಳದೆ ಕೊಟ್ಟ ತೀರ್ಪನ್ನು ಜನ ತಮ್ಮದೇ ಮೇಲ್ಮನವಿಯಲ್ಲಿ ತಿರುಗಿಸುತ್ತಾರೆ ಎಂಬುದಕ್ಕೆ ಇದು ನಿದರ್ಶನ.

ಬ್ರಿಟಿಷ್ ನೆಲವಾಗಿದ್ದ ಬೀಳಗಿಯ ಕಡೆಗೆ ಬಂದರೆ ಅಲ್ಲಿನ ಏರ್ಪಾಡು ಬೇರೆ. 1869ರ ಮುಂಬಯಿ ಸಿವಿಲ್ ನ್ಯಾಯಾಲಯಗಳ ಕಾಯಿದೆ ಜಿಲ್ಲಾ ನ್ಯಾಯಾಧೀಶ, ಅವನ ಕೆಳಗೆ ಸಬ್‌ಜಡ್ಜ್ ಎಂಬ ಶ್ರೇಣಿಯನ್ನು ಗೊತ್ತುಮಾಡಿತ್ತು. ಹೊಲದ ಸ್ವಾಧೀನ ತಪ್ಪಿದವನು, ಹರಿಯುವ ನೀರಿಗೆ ಅಡ್ಡಿಯಾದವನು ಸಿವಿಲ್ ನ್ಯಾಯಾಲಯದ ದೀರ್ಘ ದಾರಿಯನ್ನು ಹಿಡಿಯದೆ ಮಾಮಲೇದಾರರ ಬಳಿಗೇ ಹೋಗಬಹುದೆಂದು 1906ರ ಮಾಮಲೇದಾರರ ನ್ಯಾಯಾಲಯಗಳ ಕಾಯಿದೆ ಹೇಳಿತು. ಷರತ್ತೊಂದೇ: ತೊಂದರೆಯಾದ ಆರು ತಿಂಗಳೊಳಗೆ ಹೋಗಬೇಕು. ಒಕ್ಕಲಿಗನಿಗೆ ಒಂದು ಬೆಳೆ ತಪ್ಪಿದರೆ ವರ್ಷವೇ ತಪ್ಪಿದಂತೆ. ಒಡೆತನದ ದೊಡ್ಡ ಪ್ರಶ್ನೆ ಆಮೇಲೆ ತೀರ್ಮಾನವಾಗಲಿ, ಮೊದಲು ಬಿತ್ತುವುದು ಯಾರೆಂಬುದು ಇತ್ಯರ್ಥವಾಗಲಿ ಎಂಬ ವಿವೇಕ ಆ ಕಾಯಿದೆಯಲ್ಲಿತ್ತು. ಸರತಿಯನ್ನು ಬದಲಾಯಿಸುವುದರಿಂದ ಬಡವನಿಗೆ ಒಳಿತಾಗಬಹುದೆಂಬುದಕ್ಕೆ ಅದೊಂದು ಉದಾಹರಣೆ. ಆದರೆ ಕಂದಾಯ ವಸೂಲು ಮಾಡುವ ಮಾಮಲೇದಾರನೇ ನ್ಯಾಯವನ್ನೂ ಹೇಳುತ್ತಿದ್ದನು, ಫೌಜದಾರಿ ಅಧಿಕಾರವನ್ನೂ ಚಲಾಯಿಸುತ್ತಿದ್ದನು. ಸಂಸ್ಥಾನದ ಅರಸನಲ್ಲಿದ್ದ ದೋಷ ಸಣ್ಣ ಪ್ರಮಾಣದಲ್ಲಿ ಇಲ್ಲಿಯೂ ಉಳಿದಿತ್ತು.

1948ರ ಮಾರ್ಚ್ 8ರಂದು ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿ, ಮುಧೋಳಗಳು ವಿಜಾಪುರ ಜಿಲ್ಲೆಗೆ ಸೇರಿದವು. ಕುಂದಗೋಳ ಧಾರವಾಡಕ್ಕೆ ಹೋಯಿತು. ರಬಕವಿ ಮತ್ತು ಬನಹಟ್ಟಿಗಳ ನಡುವಿನ ರಾಜ್ಯದ ಗಡಿ ಅಳಿಸಿಹೋಯಿತು. ಮುಂಬಯಿಯ ಕಾನೂನುಗಳು ಇಲ್ಲಿಗೂ ಬಂದವು. ಈ ಸಂಧಿಕಾಲದ ಸಾಕ್ಷಿಯಾಗಿ ನಿಲ್ಲುವವರು ಬಿ. ಡಿ. ಜತ್ತಿಯವರು. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಹಿಡಿದವರು. ಸಂಸ್ಥಾನದ ಮುಖ್ಯಮಂತ್ರಿಯೂ ಆದವರು. ವಿಲೀನವಾದ ಮೇಲೆ ಅವರು ಮತ್ತೆ ವಕೀಲಿಗೇ ಮರಳಿದರೆಂಬುದು ಗಮನಿಸತಕ್ಕ ಸಂಗತಿ. ನಿನ್ನೆ ಸಂಸ್ಥಾನದ ಆಡಳಿತ ನಡೆಸಿದವರು ಇಂದು ಪಕ್ಷಗಾರನ ಪರವಾಗಿ ನ್ಯಾಯಾಧೀಶರ ಮುಂದೆ ಎದ್ದು ನಿಂತರು. ಅರಸನ ಚಾವಡಿಗೂ ಕಾನೂನಿನ ನ್ಯಾಯಾಲಯಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಚಿತ್ರ ಸಿಗಲಾರದು.

ಮುಂಬಯಿ ಸರ್ಕಾರ 1951ರ ಕಾಯಿದೆಯಿಂದ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿತು. ಅಲ್ಲಿಂದ ಮುಂದೆ ಅಪರಾಧದ ವಿಚಾರಣೆ ಮಾಮಲೇದಾರರ ಕೈಬಿಟ್ಟು ನ್ಯಾಯಿಕ ಮ್ಯಾಜಿಸ್ಟ್ರೇಟರ ಪಾಲಿಗೆ ಬಂತು. ದೇಶಕ್ಕೆಲ್ಲ ಈ ವ್ಯವಸ್ಥೆ ಬಂದದ್ದು 1974ರ ಏಪ್ರಿಲ್ 1ರಂದು, ಹೊಸ ದಂಡ ಪ್ರಕ್ರಿಯಾ ಸಂಹಿತೆಯೊಡನೆ. ಈ ಭಾಗಕ್ಕೆ ಎರಡು ದಶಕಗಳಷ್ಟು ಮೊದಲೇ ದಕ್ಕಿತ್ತು.

1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಮೇಲ್ಮನವಿಯ ದಾರಿ ಮುಂಬಯಿಯಿಂದ ಬೆಂಗಳೂರಿಗೆ ತಿರುಗಿತು. 1964ರ ಸಿವಿಲ್ ನ್ಯಾಯಾಲಯಗಳ ಕಾಯಿದೆಯಿಂದ ಇಲ್ಲಿನ ಕಿರಿಯ ಸಿವಿಲ್ ನ್ಯಾಯಾಧೀಶರು ಹಳೆಯ ಮೈಸೂರಿನ ಹೆಸರನ್ನು ತಳೆದು ಮುನ್ಸೀಫರಾದರು. 1990ರ ದಶಕದಲ್ಲಿ ಆ ಹೆಸರು ಹೋಗಿ ಮತ್ತೆ ಸಿವಿಲ್ ನ್ಯಾಯಾಧೀಶರೆಂಬ ಹೆಸರು ಬಂತು. ಹೀಗೆ ಫಲಕ ಎರಡು ಸಲ ಬದಲಾಯಿತು. ಅಂಗಳದಲ್ಲಿ ಕುಳಿತವನಿಗೆ ಮಾತ್ರ ಅದು ಕೋರ್ಟೇ ಆಗಿ ಉಳಿಯಿತು. ಹೆಸರಿನ ಬದಲಾವಣೆಗೂ ಸರತಿಯ ಬದಲಾವಣೆಗೂ ಇರುವ ಭೇದ ಇಲ್ಲಿಯೇ ಇದೆ: ಮೊದಲನೆಯದನ್ನು ಓದಿ ತಿಳಿಯಬೇಕು, ಎರಡನೆಯದು ಬದುಕಿಗೆ ತಟ್ಟುತ್ತದೆ.

ಹಾಗೆ ತಟ್ಟಿದ ದೊಡ್ಡ ಬದಲಾವಣೆ ಭೂಸುಧಾರಣೆಯದು. 1957ರಲ್ಲಿ ಗೇಣಿ ಕಾನೂನುಗಳನ್ನು ಪರಿಶೀಲಿಸಲು ನೇಮಕವಾದ ಸಮಿತಿಗೆ ಜಮಖಂಡಿಯ ಆ ವಕೀಲರು, ಜತ್ತಿಯವರೇ, ಅಧ್ಯಕ್ಷರಾಗಿದ್ದರು. ಆ ವರದಿಯ ಆಧಾರದ ಮೇಲೆ 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡಿತು. ದೇವರಾಜ ಅರಸರ ಕಾಲದಲ್ಲಿ ಅದಕ್ಕಾದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಉಳುವವನು ಗೇಣಿದಾರನೇ ಅಲ್ಲವೇ ಎಂಬ ಪ್ರಶ್ನೆಯನ್ನೇ ಸಿವಿಲ್ ನ್ಯಾಯಾಲಯದಿಂದ ಎತ್ತಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಒಪ್ಪಿಸಲಾಯಿತು. ಮಂಡಳಿಗೆ ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಅವರೊಡನೆ ಅಧಿಕಾರಿಗಳಲ್ಲದ ಸದಸ್ಯರು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರ ಏಳನೇ ನಮೂನೆಯ ಅರ್ಜಿ ಕೊಟ್ಟು ತನ್ನ ಮಾತನ್ನು ತಾನೇ ಹೇಳಬೇಕಾಗಿತ್ತು.

ವಕೀಲರ ಮಡಿಲಲ್ಲಿ ಬೆಳೆದ ನ್ಯಾಯಪದ್ಧತಿಗೆ ಇದು ಆಘಾತವೇ ಸರಿ. ನಿಯಮಗಳ ಕಟ್ಟು ಸಡಿಲವಾದರೆ ಪ್ರಭಾವಿಗಳ ಕೈ ಮೇಲಾಗುತ್ತದೆ ಎಂದು ಆಕ್ಷೇಪಿಸಿದವರ ಮಾತು ಸುಳ್ಳೇನಲ್ಲ. ಆದರೆ ತಲೆಮಾರುಗಳಿಂದ ಉತ್ತ ಹೊಲದ ಬಗ್ಗೆ ಒಂದು ಚೂರು ಕಾಗದವೂ ಇಲ್ಲದವನಿಗೆ ಸಿವಿಲ್ ನ್ಯಾಯಾಲಯದ ಸರತಿ ಎಂದಾದರೂ ಬರುತ್ತಿತ್ತೇ? ಸಾಲನ್ನು ಮುರಿಯದೆ ಅವನನ್ನು ಮುಂದೆ ತರುವುದು ಸಾಧ್ಯವಿರಲಿಲ್ಲ. ಸಾಲನ್ನು ಮುರಿದಾಗ ಕೆಲವರಿಗೆ ಅನ್ಯಾಯವಾದದ್ದೂ ಉಂಟು. ಇತಿಹಾಸ ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ನೀರಿನ ಕಥೆ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಆ ಕಲ್ಲಿನ ಹಿಂದೆ ನಿಂತ ನೀರು ಕೃಷ್ಣೆ ಮತ್ತು ಘಟಪ್ರಭೆಯ ದಂಡೆಗಳ ಹಳ್ಳಿಗಳಿಗೆ, ಬಾಗಲಕೋಟೆಯ ಹಳೆಯ ಪೇಟೆಗೆ ನುಗ್ಗಿತು. ಬೀಳಗಿ, ಜಮಖಂಡಿ, ಮುಧೋಳದ ರೈತರು ಎರೆಭೂಮಿ ಕಳೆದುಕೊಂಡರು. ಸರ್ಕಾರ ಗೊತ್ತುಮಾಡಿದ ಪರಿಹಾರ ಸಾಲದೆಂದು ಕಂಡವರಿಗೆ 1894ರ ಭೂಸ್ವಾಧೀನ ಕಾಯಿದೆಯ 18ನೆಯ ಕಲಮು ಒಂದು ದಾರಿಯನ್ನು ತೋರಿಸಿತ್ತು: ಬೆಲೆಯ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯಕ್ಕೆ ಕಳುಹಿಸಿಕೊಡಿರೆಂದು ಕೇಳುವುದು. ಕರ್ನಾಟಕದ ತಿದ್ದುಪಡಿಯಂತೆ ನೋಟೀಸು ತಲುಪಿದ 90 ದಿನಗಳಲ್ಲಿ ಅರ್ಜಿ ಕೊಡಬೇಕಾಗಿತ್ತು. ಮನೆ ಕಿತ್ತು ಸಾಗಿಸುತ್ತಿರುವವನಿಗೆ ತೊಂಬತ್ತು ದಿನ ಬೇಗ ಕಳೆಯುತ್ತವೆ. ಅರ್ಜಿ ಕೊಟ್ಟವನಿಗಾದರೋ ತೀರ್ಪಿನ ದಿನ ಬೇಗ ಬರುವುದಿಲ್ಲ.

ಹೀಗೆ ಈ ಪುಟ್ಟ ಊರುಗಳ ನ್ಯಾಯಾಲಯಗಳಲ್ಲಿ ಭೂಪರಿಹಾರದ ಖಟ್ಲೆಗಳು ರಾಶಿಬಿದ್ದವು. ಎಕರೆಗೆ ಬೆಲೆಯೆಷ್ಟು, ಬಾವಿಯೆಷ್ಟು ಆಳ, ಗಿಡಗಳೆಷ್ಟು, ಮುಳುಗಿದ್ದು ಒಣಬೇಸಾಯದ್ದೋ ನೀರಾವರಿಯದ್ದೋ ಎಂಬುದನ್ನು, ಹೊಲ ನೀರಿನಡಿ ಹೋದ ಮೇಲೆ, ಕಾಗದದಿಂದ ಸಾಬೀತು ಮಾಡಬೇಕು. 1984ರ ತಿದ್ದುಪಡಿ ಕೆಲವು ಅನುಕೂಲಗಳನ್ನು ಮಾಡಿಕೊಟ್ಟಿತು: ಮಾರುಕಟ್ಟೆಯ ಬೆಲೆಯ ಮೇಲೆ ನೂರಕ್ಕೆ 30ರಷ್ಟು ಸಾಂತ್ವನದ ಹಣ, ತಡವಾದ ಹೆಚ್ಚುವರಿ ಮೊತ್ತಕ್ಕೆ ಮೊದಲ ವರ್ಷ ನೂರಕ್ಕೆ 9, ಮುಂದೆ 15ರ ಬಡ್ಡಿ, ನ್ಯಾಯಾಲಯಕ್ಕೆ ಹೋಗಲಾರದೆ ಸುಮ್ಮನಿದ್ದ ನೆರೆಹೊಲದವನಿಗೂ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಅದೇ ಬೆಲೆ ಕೇಳುವ ಹಕ್ಕು. ಬಡ್ಡಿಯ ಏರ್ಪಾಡಿನ ಅರ್ಥವನ್ನು ನಾವು ಯೋಚಿಸಬೇಕು. ತಡವಾಗುತ್ತದೆಂಬುದನ್ನು ಕಾನೂನೇ ಮೊದಲು ಒಪ್ಪಿಕೊಂಡು, ಆ ತಡಕ್ಕೆ ದರ ಕಟ್ಟಿದೆ. ಹಣದ ಮಟ್ಟಿಗೆ ಅದು ಸರಿ. ಆದರೆ ಹೊಲ ಕಳೆದುಕೊಂಡ ತಂದೆ ಹಾಕಿದ ಅರ್ಜಿಯ ಫಲ ಮಗನ ಕೈಸೇರಿದರೆ, ಆ ತಂದೆಯ ವರ್ಷಗಳಿಗೆ ಕಟ್ಟಿದ ಬಡ್ಡಿಯೆಷ್ಟು?

ತೀರ್ಪಾದ ಮೇಲೂ ದಾರಿ ಮುಗಿಯುವುದಿಲ್ಲ. ಹಣ ಬಾರದಿದ್ದರೆ ದರಖಾಸ್ತು ಹಾಕಬೇಕು. ಸರ್ಕಾರಿ ಕಚೇರಿಯ ಕುರ್ಚಿ ಮೇಜುಗಳನ್ನೋ ವಾಹನವನ್ನೋ ಜಪ್ತಿಮಾಡಲು ಬೆಲೀಫರು ಬಂದರೆಂಬ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದವರೇ. ಮೇಲ್ಮನವಿಯಾದರೆ ಬೆಂಗಳೂರಿಗೇ ಹೋಗಬೇಕಾಗಿದ್ದ ಕಾಲ 2008ರ ಜುಲೈಯಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾಗುವವರೆಗೂ ಮುಂದುವರಿಯಿತು. 2013ರಲ್ಲಿ ಅದು ಕಾಯಂ ಪೀಠವಾಯಿತು. ಇದಕ್ಕೆ ಮುಂಚೆ 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆಯಾಗಿತ್ತು. ಜಮಖಂಡಿಯಲ್ಲಿ ಅಪರ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಕುಳಿತುಕೊಳ್ಳುವಂತಾಯಿತು. ಬನಹಟ್ಟಿಗೂ ತನ್ನದೇ ನ್ಯಾಯಾಲಯವಿದೆ. 2018ರಲ್ಲಿ ರಬಕವಿ-ಬನಹಟ್ಟಿ ತಾಲ್ಲೂಕೂ ಆಯಿತು. ಒಂದು ಕಾಲಕ್ಕೆ ಎರಡು ಸಂಸ್ಥಾನಗಳಿಗೆ ಹಂಚಿಹೋಗಿದ್ದ ಜೋಡಿ ಊರುಗಳಿಗೆ ಇಂದು ನ್ಯಾಯದ ಬಾಗಿಲು ಒಂದೇ.

ಬಾಗಿಲು ಹತ್ತಿರ ಬಂದಿತು, ಸರತಿ? ಕರ್ನಾಟಕದ ಅಧೀನ ನ್ಯಾಯಾಲಯಗಳಿಗಾಗಿ 2005ರಲ್ಲಿ ಬಂದ ನಿಯಮಗಳು ಸಿವಿಲ್ ದಾವೆಗಳನ್ನು ನಾಲ್ಕು ಸಾಲುಗಳಾಗಿ ವಿಂಗಡಿಸಿದವು. ಜೀವನಾಂಶ, ಮಕ್ಕಳ ಪಾಲನೆ ಮೊದಲಾದವು ಮೊದಲ ಸಾಲಿನಲ್ಲಿ. ಅವನ್ನು 9 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು. ಡಿಕ್ರಿಯ ಅಮಲು, ವಿಚ್ಛೇದನ, ಮನೆ ಖುಲ್ಲಾ ಮಾಡಿಸುವುದು ಎರಡನೆಯದು, 12 ತಿಂಗಳು. ಪಾಲು, ಹಕ್ಕಿನ ಘೋಷಣೆ, ಕರಾರಿನ ಪಾಲನೆ ಮೂರನೆಯದು, 24 ತಿಂಗಳು. ಉಳಿದೆಲ್ಲ ನಾಲ್ಕನೆಯದು. ಅಪರಾಧದ ಕಡೆಯೂ ಇಂಥ ಗಡುವುಗಳು ಒಂದರ ಮೇಲೊಂದು ಬಂದಿವೆ. ಕೌಟುಂಬಿಕ ದೌರ್ಜನ್ಯದ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ತೀರಿಸಲು ಯತ್ನಿಸಬೇಕೆಂದು 2005ರ ಕಾಯಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ಮುಗಿಯಬೇಕೆಂದು 2012ರ ಕಾಯಿದೆ. ನೇಕಾರ ಪೇಟೆಗಳಲ್ಲಿ ಬಳಕೆ ಹೆಚ್ಚಿರುವ ಚೆಕ್ಕು ವಾಪಸಾದ ಖಟ್ಲೆಗೆ ಆರು ತಿಂಗಳ ಗುರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಸೆಷನ್ಸ್ ನ್ಯಾಯಾಲಯ ವಾದ ಮುಗಿದ 30 ದಿನಗಳಲ್ಲಿ, ಕಾರಣ ಬರೆದಿಟ್ಟರೆ 45 ದಿನಗಳಲ್ಲಿ, ತೀರ್ಪು ಹೇಳಬೇಕು.

ಇವೆಲ್ಲವೂ ಸದುದ್ದೇಶದವೇ. ಹಸಿದ ಮಗುವಿನ ಜೀವನಾಂಶ ಪಾಲಿನ ದಾವೆಗಿಂತ ಮೊದಲು ಬರಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಪ್ರತಿಯೊಂದು ಕಾಯಿದೆಯೂ ತನ್ನ ಖಟ್ಲೆಯನ್ನೇ ಮೊದಲಿಗಿಡು ಎಂದು ಹೇಳಿದರೆ, ಒಬ್ಬನೇ ನ್ಯಾಯಾಧೀಶ ಕುಳಿತ ತಾಲ್ಲೂಕಿನ ನ್ಯಾಯಾಲಯದಲ್ಲಿ ಎಷ್ಟು ಮೊದಲುಗಳಿರಬಲ್ಲವು? ಗಡುವು ಇಲ್ಲದ ಖಟ್ಲೆಯವನು ಪ್ರತಿಸಲವೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಅಣ್ಣತಮ್ಮಂದಿರ ಬದುವಿನ ಜಗಳ, ವಿಧವೆಯ ಮನೆಯ ಹಕ್ಕು, ಹಾದಿಯ ತಂಟೆ, ಇವು ಹಿಂದೆ ಸರಿಯುತ್ತ ಸರಿಯುತ್ತ ಕೆಲವೊಮ್ಮೆ ಕುಡಗೋಲಿನಲ್ಲಿ ತೀರ್ಮಾನವಾಗಿ, ಆಮೇಲೆ ಅಪರಾಧದ ಖಟ್ಲೆಯಾಗಿ ಅದೇ ಅಂಗಳಕ್ಕೆ ಮೊದಲ ಸಾಲಿನಲ್ಲಿ ಮರಳಿ ಬರುತ್ತವೆ. ಹಿಂದೆ ತಳ್ಳಿದ ಸಣ್ಣ ವ್ಯಾಜ್ಯ ಮುಂದೆ ದೊಡ್ಡದಾಗಿ ಬಂದಾಗ ಉಳಿತಾಯವಾದದ್ದು ಯಾರ ಕಾಲ?

ನ್ಯಾಯಾಲಯದ ಪಂಚಾಂಗವೂ ಈ ಮಾತಿಗೆ ಸೇರಿದ್ದು. ಬೇಸಗೆಯಲ್ಲಿ ಸಿವಿಲ್ ನ್ಯಾಯಾಲಯಗಳಿಗೆ ರಜೆ. ಮ್ಯಾಜಿಸ್ಟ್ರೇಟರ ಕೆಲಸ ಮಾತ್ರ ನಡೆಯುತ್ತಿರುತ್ತದೆ. ಒಣಬೇಸಾಯದ ರೈತನಿಗೆ ಹೊಲದ ಕೆಲಸ ಕಡಿಮೆಯಿರುವುದು ಆ ಕಾಲದಲ್ಲಿಯೇ. ನ್ಯಾಯಾಲಯ ಬಾಗಿಲು ತೆರೆಯುವ ಹೊತ್ತಿಗೆ ಮಿರಗದ ಮಳೆ ಬಿದ್ದು ಕೂರಿಗೆ ಹೊಲಕ್ಕೆ ಹೊರಟಿರುತ್ತದೆ. ಸಾಕ್ಷಿ ಹೇಳಲು ಬರಬೇಕೋ ಬಿತ್ತಬೇಕೋ ಎಂಬ ಇಕ್ಕಟ್ಟು ಅವನದು. ಬಾರದಿದ್ದರೆ ವಾಯಿದೆ; ವಾಯಿದೆಗೆ ಹೊಣೆ ಪಕ್ಷಗಾರನೆಂದು ಲೆಕ್ಕ. ಮಾಮಲೇದಾರರ ಕಾಯಿದೆ ಬರೆದವರಿಗೆ ಬೆಳೆಯ ನೆನಪಿತ್ತು. ರಜೆಯ ಪಟ್ಟಿಗೂ ಅದನ್ನು ನೆನಪಿಸಿಕೊಟ್ಟರೆ ತಪ್ಪಾಗದು.

ಕೇಳುಗ ಮಿತ್ರರೇ, ಈ ನಾಲ್ಕು ಊರುಗಳು ನೂರೈವತ್ತು ವರ್ಷಗಳಲ್ಲಿ ನ್ಯಾಯದ ಎರಡು ಕೊನೆಗಳನ್ನೂ ಕಂಡಿವೆ. ಹಲಗಲಿಯಲ್ಲಿ ಎರಡು ವಾರಗಳಲ್ಲಿ ಎಲ್ಲವೂ ಮುಗಿಯಿತು, ಏಕೆಂದರೆ ಕೇಳುವ ಮನಸ್ಸು ಯಾರಿಗೂ ಇರಲಿಲ್ಲ. ಕೃಷ್ಣೆಯ ದಂಡೆಯಲ್ಲಿ ಎಲ್ಲವನ್ನೂ ಕೇಳಲು ಕಾನೂನು ಸಿದ್ಧವಿತ್ತು, ಆದರೆ ಕೇಳಿ ಮುಗಿಸುವಷ್ಟರಲ್ಲಿ ಕಾಲ ಸಂದಿತ್ತು. ಗಡುವುಗಳನ್ನು ಹೊಸದಾಗಿ ಬರೆಯುವವರು ಈ ಎರಡನ್ನೂ ಕಣ್ಣ ಮುಂದಿಟ್ಟುಕೊಳ್ಳಬೇಕು. ಬರಿಯ ಗಡುವನ್ನು ಬರೆದು ನ್ಯಾಯಾಧೀಶರನ್ನೂ ಬೆರಳಚ್ಚುಗಾರರನ್ನೂ ಬೆಲೀಫರನ್ನೂ ಕೊಡದಿದ್ದರೆ ಅದು ಮಳೆಯಿಲ್ಲದ ವರ್ಷದಲ್ಲಿ ಬೀಜ ಹಂಚಿದಂತೆ. ಸಾಲಿನ ಮುಂದೆ ಯಾರನ್ನು ನಿಲ್ಲಿಸಬೇಕೆಂದು ತೀರ್ಮಾನಿಸುವಾಗಲೇ ಸಾಲಿನ ಕೊನೆಯಲ್ಲಿ ನಿಂತವನನ್ನು ಎಷ್ಟು ಕಾಲ ನಿಲ್ಲಿಸಬಹುದೆಂಬುದನ್ನೂ ತೀರ್ಮಾನಿಸಬೇಕು.

ನಾಳೆ ಬೆಳಿಗ್ಗೆ ಬೀಳಗಿಯ ಅಂಗಳದಲ್ಲಿ ಮತ್ತೆ ಹೆಸರುಗಳನ್ನು ಕೂಗುತ್ತಾರೆ. ಅವನ್ನು ಯಾವ ಕ್ರಮದಲ್ಲಿ ಕೂಗಬೇಕೆಂಬುದನ್ನು ಗೊತ್ತುಮಾಡುವ ಕಾಯಿದೆಗಳು ದೂರದ ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ ಆಗುತ್ತವೆ. ಅಲ್ಲಿ ಕುಳಿತು ಬರೆಯುವವರು ಒಂದು ದಿನವಾದರೂ ಇಲ್ಲಿಯ ಗಿಡದ ನೆರಳಲ್ಲಿ, ಬುತ್ತಿಯ ಗಂಟು ಪಕ್ಕದಲ್ಲಿಟ್ಟುಕೊಂಡು ಕುಳಿತರೆ, ಅವರು ಬರೆಯುವ ಕಾಯಿದೆ ಇನ್ನಷ್ಟು ಒಳ್ಳೆಯದಾದೀತೆಂದು ನನ್ನ ನಂಬಿಕೆ.